ಬಾಲಮ್ಮ ಗಡ್ಡ ಕಟ್ಟಿಕೊಂಡ ದಿನ

ಬಾಲಮ್ಮನಿಗೆ ಬಿಳಿ ಗಡ್ಡ ಕಟ್ಟಿದವಳು ಹುಮೇರಾ. ಕಿವಿಯ ಹಿಂದೆ ಎಲಾಸ್ಟಿಕ್ ಸಿಕ್ಕಿಸಿ, ಮೂಗುಬೊಟ್ಟು ಮುಚ್ಚುವ ಹಾಗೆ ಮೀಸೆಯನ್ನು ಮೇಲಕ್ಕೆಳೆದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. "ಅಕ್ಕಾ, ನಿಮ್ಮ ಮನಿಯವ್ರು ಬಂದ್ರೂ ಗುರ್ತು ಹಿಡಿಯಂಗಿಲ್ಲ ನೋಡ್ರಿ" ಎಂದಳು.

ಅದು ಡಿಸೆಂಬರ್ ಇಪ್ಪತ್ತನಾಲ್ಕರ ಬೆಳಿಗ್ಗೆ. ರಾಯಚೂರಿನ ಬಜಾರಿನ ಒಂದು ಬಂಗಾರದ ಅಂಗಡಿಯಲ್ಲಿ ಹುಮೇರಾ ಕೌಂಟರಿನಲ್ಲಿ ಒಡವೆ ತೋರಿಸುವವಳು, ಬಾಲಮ್ಮ ಬಾಗಿಲ ಕಾವಲಿನವಳು. ವರ್ಷದ ಕೊನೆಯ ವಾರ ಸಾಂತಾಕ್ಲಾಸ್ ವೇಷ ಹಾಕಿ ಮಕ್ಕಳಿಗೆ ಚಾಕಲೇಟು ಹಂಚುವುದು ಇನ್ನೊಬ್ಬ ಕಾವಲುಗಾರ ಹುಸೇನಪ್ಪನ ಕೆಲಸವಾಗಿತ್ತು. ಅವನು ಜ್ವರ ಬಂದು ಮಲಗಿದ್ದ. ಕೆಂಪು ಅಂಗಿ ಅವನ ಅಳತೆಗೆ ಹೊಲಿಸಿದ್ದು. ಅಂಗಡಿಯಲ್ಲಿ ಹುಸೇನಪ್ಪನಷ್ಟು ಎತ್ತರ ಇದ್ದವಳು ಬಾಲಮ್ಮ ಒಬ್ಬಳೇ.

"ಗಂಡಸರ ವೇಷ ನಾ ಹೆಂಗ ಹಾಕ್ಲಿ ಸರ್?" ಎಂದು ಅವಳು ಮ್ಯಾನೇಜರ್ ರಾಮಲಿಂಗಪ್ಪನನ್ನು ಕೇಳಿದ್ದಳು.

"ಅದು ಗಂಡಸಿನ ವೇಷ ಅಲ್ಲಮ್ಮ, ಅಜ್ಜನ ವೇಷ" ಎಂದ ರಾಮಲಿಂಗಪ್ಪ. "ನೀನು ಮಾತಾಡಬ್ಯಾಡ. ಗಂಟಿ ಬಾರ್ಸು, ಚಾಕಲೇಟು ಕೊಡು. ಅಷ್ಟ."

ಬಾಲಮ್ಮನ ಎತ್ತರ ಅವಳಿಗೆ ಚಿಕ್ಕಂದಿನಿಂದ ಒಂದು ಫಜೀತಿ. ದೇವದುರ್ಗದ ಹತ್ತಿರದ ಒಂದು ಹಳ್ಳಿಯಲ್ಲಿ ಕುರಿ ಸಾಕುವ ಮನೆತನ ಅವರದು. ಅಪ್ಪ ಜಂಬಣ್ಣನ ಹಿಂಡಿನ ಹಿಂದೆ ಓಡಾಡುತ್ತ ಬೆಳೆದವಳು. ಉಣ್ಣೆ ಕತ್ತರಿಸುವ ದಿನಗಳಲ್ಲಿ ಓಡುವ ಟಗರಿನ ಹಿಂಗಾಲು ಹಿಡಿದು, ತಿರುವಿ ಕೆಡವಿ, ಕತ್ತಿನ ಮೇಲೆ ಮೊಣಕಾಲಿಟ್ಟು, ಕಾಲು ಕಟ್ಟುವ ಕೆಲಸ ಹನ್ನೆರಡನೆಯ ವರ್ಷಕ್ಕೇ ಅವಳ ಪಾಲಿಗೆ ಬಂದಿತ್ತು. ಆಗ ಅದನ್ನು ಎಲ್ಲರೂ ಮೆಚ್ಚಿದರು. ಮದುವೆಯ ವಯಸ್ಸಿಗೆ ಬಂದಾಗ ಅದೇ ಮೈಕಟ್ಟು ನೋಡಿ ನಾಲ್ಕು ಗಂಡುಗಳು ಹಿಂದೆ ಸರಿದವು. ಐದನೆಯವನಾದ ಬೀರೇಶ ಅವಳ ಭುಜದವರೆಗೆ ಬರುತ್ತಿದ್ದ. ಅವನು ಒಂದು ಮಾತೂ ಆಡದೆ ಒಪ್ಪಿಕೊಂಡ. ಈಗ ರಾಯಚೂರಿನಲ್ಲಿ ಸಾಮಾನು ಸಾಗಿಸುವ ಆಟೋ ಓಡಿಸುತ್ತಾನೆ. ಮಗಳು ದೇವಿಕಾ ಯರಗೇರಾದ ವಿಶ್ವವಿದ್ಯಾಲಯಕ್ಕೆ ಬಸ್ಸಿನಲ್ಲಿ ಹೋಗಿಬಂದು ಓದುತ್ತಾಳೆ. ಐದು ವರ್ಷದಿಂದ ಬಾಲಮ್ಮ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬರುವವರೆಲ್ಲ ಮೊದಲು ತಲೆ ಎತ್ತಿ ಅವಳನ್ನು ನೋಡುತ್ತಿದ್ದರು, ಆಮೇಲೆ ತಮ್ಮತಮ್ಮಲ್ಲೇ ನಗುತ್ತಿದ್ದರು.

ವೇಷ ಹಾಕಿಕೊಂಡ ದಿನ ಯಾರೂ ನಗಲಿಲ್ಲ. ಮಕ್ಕಳು ಓಡಿಬಂದು ಕಾಲು ತಬ್ಬಿಕೊಂಡರು. ಗಡ್ಡದೊಳಗೆ ಸೆಕೆ ಕುದಿಯುತ್ತಿದ್ದರೂ ಬಾಲಮ್ಮನಿಗೆ ಮಧ್ಯಾಹ್ನದವರೆಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಎರಡೂವರೆಯ ಸುಮಾರಿಗೆ ಬಜಾರು ಖಾಲಿಯಾಗಿತ್ತು. ಅಂಗಡಿಯ ಉಳಿದ ಕೆಲಸಗಾರರು ಊಟಕ್ಕೆ ಹೋಗಿದ್ದರು. ಒಳಗಿದ್ದವರು ರಾಮಲಿಂಗಪ್ಪ, ಹುಮೇರಾ, ಬಾಲಮ್ಮ. ಗಿರಾಕಿಗಳೆಂದರೆ ಸಂಘಮಿತ್ರಾ ಎಂಬ ಶಾಲೆಯ ಟೀಚರು ಮತ್ತು ಅವರ ಆರು ವರ್ಷದ ಮಗಳು ಪ್ರಿಯದರ್ಶಿನಿ. ಮಗುವಿಗೆ ಕಾಲ್ಗೆಜ್ಜೆ ನೋಡುತ್ತಿದ್ದರು.

ಹೆಲ್ಮೆಟ್ ತೆಗೆಯದೆ ಇಬ್ಬರು ಒಳಗೆ ಬಂದರು. ಹೆಲ್ಮೆಟ್ ತೆಗೆಯಿರಿ ಎಂದು ಹೇಳುವುದು ಬಾಲಮ್ಮನ ದಿನದ ಕೆಲಸ. ಆದರೆ ಮಾತಾಡಬೇಡ ಎಂದಿದ್ದರಲ್ಲ, ಅವಳು ಒಂದು ಕ್ಷಣ ತಡೆದಳು. ಅಷ್ಟರಲ್ಲಿ ಮೂರನೆಯವನೊಬ್ಬ ಹಿಂದಿನಿಂದ ಬಂದು ಶಟರ್ ಅನ್ನು ಸೊಂಟದ ಮಟ್ಟಕ್ಕೆ ಎಳೆದು ಬಾಗಿಲಲ್ಲಿ ನಿಂತ. ಅವನ ಮುಖಕ್ಕೆ ಕರ್ಚೀಫು ಕಟ್ಟಿತ್ತು. ಮುಂದಿದ್ದವನ ಜಾಕೆಟ್ಟಿನೊಳಗಿಂದ ಮಚ್ಚು ಹೊರಬಂತು. ಎರಡನೆಯವನ ಕೈಯಲ್ಲಿ ಪಿಸ್ತೂಲು ಇತ್ತು.

"ಒದರಿದ್ರ ಕಡೀತೀನಿ. ಫೋನು ಕೆಳಗ ಇಡ್ರಿ" ಎಂದ ಮಚ್ಚಿನವನು. ಆಮೇಲೆ ಬಾಲಮ್ಮನ ಕಡೆ ತಿರುಗಿದ. "ಏ ಮುದುಕಾ, ಆ ಚೀಲ ಖಾಲಿ ಮಾಡು. ಅಗಲಕ್ಕ ಹಿಡಿ."

ಅವಳು ಚಾಕಲೇಟಿನ ಕೆಂಪು ಚೀಲವನ್ನು ನೆಲಕ್ಕೆ ಸುರಿದು, ಎರಡೂ ಕೈಯಲ್ಲಿ ಬಾಯಿ ಅಗಲಿಸಿ ಹಿಡಿದಳು. ದನಿ ಕೇಳಿದರೆ ಹೆಂಗಸೆಂದು ತಿಳಿಯುತ್ತದೆ, ತಿಳಿದರೆ ಏನಾಗುತ್ತದೋ ಎಂಬ ಹೆದರಿಕೆಯಲ್ಲಿ ತುಟಿ ಬಿಚ್ಚಲಿಲ್ಲ. ಪಿಸ್ತೂಲಿನವನು ಹುಮೇರಾಳಿಂದ ಸರ, ಬಳೆ, ಪಾಟಲಿಗಳ ತಟ್ಟೆಗಳನ್ನು ಒಂದೊಂದಾಗಿ ತೆಗೆಸಿ ಚೀಲಕ್ಕೆ ಸುರಿಸಿದ. ಕೈಯಲ್ಲಿ ಚೀಲ ಭಾರವಾಗುತ್ತ ಹೋಯಿತು.

"ಲಾಕರ್ ಚಾವಿ?"

"ಮಾಲಕರ ಹತ್ರ ಅದ" ಎಂದ ರಾಮಲಿಂಗಪ್ಪ. "ಅವ್ರು ಮಾನ್ವಿಗೆ ಮದುವಿಗೆ ಹೋಗ್ಯಾರ. ದೇವರಾಣಿ ನನ್ನ ಹತ್ರ ಇಲ್ಲ."

"ಸುಳ್ಳು ಹೇಳ್ತೀಯೇನಲೇ?"

"ಬೇಕಾದ್ರ ಕಿಸೆ ನೋಡ್ರಿ."

ಮಚ್ಚಿನವನು ಕಿಸೆ ನೋಡಲಿಲ್ಲ. ತಾಯಿಯ ಸೀರೆಗೆ ಅಂಟಿಕೊಂಡಿದ್ದ ಮಗುವಿನ ತೋಳು ಹಿಡಿದು ಎಳೆದು, ಮಚ್ಚನ್ನು ಅದರ ಭುಜದ ಮೇಲಿಟ್ಟ.

ಬಾಗಿಲಲ್ಲಿದ್ದವನು ಒಳಗೆ ಬಗ್ಗಿ ನೋಡಿದ. "ಕೂಸಿನ್ನ ಬಿಡಲೇ. ಕೂಸಿನ್ನ ಮುಟ್ಟಂಗಿಲ್ಲ ಅಂತ ಮೊದ್ಲೇ ಮಾತಾಗಿತ್ತು."

"ನೀ ರೋಡ್ ನೋಡು."

ಮಗು ಅಳುತ್ತಿರಲಿಲ್ಲ. ಬಾಲಮ್ಮನನ್ನೇ ನೋಡುತ್ತಿತ್ತು. "ಅಜ್ಜಾ, ಇವ್ರಿಗೆ ಹೇಳು" ಎಂದಿತು.

ಮಚ್ಚಿನವನು ಒಮ್ಮೆ ನಕ್ಕು, ಅಜ್ಜ ಏನು ಹೇಳುತ್ತಾನೋ ನೋಡೋಣ ಎಂಬಂತೆ ತಲೆ ತಿರುಗಿಸಿದ. ಬಾಲಮ್ಮ ಬಂಗಾರ ತುಂಬಿದ ಚೀಲವನ್ನು ಬೀಸಿ ಅವನ ಹೆಲ್ಮೆಟ್ಟಿಗೆ ಹೊಡೆದಳು. ಬಳೆಗಳು ಚೆಲ್ಲಾಪಿಲ್ಲಿಯಾಗಿ ಹಾರಿದವು. ಅವನು ಮಗುವಿನ ತೋಳು ಬಿಟ್ಟು, ಜೋಲಿ ತಪ್ಪುತ್ತಲೇ ಮಚ್ಚು ಬೀಸಿದ. ಅವಳ ಬಲ ಮುಂಗೈಗೆ ಬಿಸಿ ನೀರು ಸುರಿದಂತಾಯಿತು. ಅದು ಏನೆಂದು ನೋಡದೆ ಬಗ್ಗಿ, ಹಿಮ್ಮಡಿಯ ಮೇಲೆ ಅವನ ಎಡಗಾಲು ಹಿಡಿದು ತಿರುವಿದಳು. ಅವನು ಗಾಜಿನ ಕಪಾಟಿನ ಮೂಲೆಗೆ ಬಡಿದು ಮಗ್ಗುಲಾಗಿ ಬಿದ್ದ. ಅವಳ ಅಷ್ಟೂ ಭಾರ ಅವನ ಮೇಲೆ ಬಿತ್ತು. ಅವನ ಹೆಗಲಿನ ಎಲುಬು ಮುರಿದ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

ಪಿಸ್ತೂಲಿನವನು ಟ್ರಿಗರ್ ಒತ್ತಿದ. ಟಿಕ್ ಅಂತು. ಮತ್ತೆ ಒತ್ತಿದ, ಮತ್ತೆ ಟಿಕ್, ಗುಂಡು ಹಾರಲಿಲ್ಲ. ಪಿಸ್ತೂಲನ್ನೇ ಅವಳತ್ತ ಎಸೆದು, ಓಡಿಬಂದು ಗಡ್ಡಕ್ಕೆ ಕೈಹಾಕಿ ಜಗ್ಗಿದ. ಗಡ್ಡ, ಮೀಸೆ, ಟೊಪ್ಪಿಗೆ ಎಲ್ಲ ಅವನ ಕೈಗೆ ಬಂದವು. ಎದುರಿಗೆ ಬೆವೆತ ಮುಖ, ಮೂಗುಬೊಟ್ಟು, ಹಣೆಯಲ್ಲಿ ಕುಂಕುಮ.

"ಇದು ಹೆಣ್ಮಗಳು ಐತಲೇ" ಎಂದ, ಯಾರಿಗೋ ದೂರು ಹೇಳುವವನ ಹಾಗೆ.

ಅವನು ಹಾಗೆ ನಿಂತದ್ದು ಎರಡು ಉಸಿರಿನ ಹೊತ್ತು. ಅಷ್ಟರಲ್ಲಿ ಹುಮೇರಾ ಮೂಲೆಯಲ್ಲಿದ್ದ ಆಳೆತ್ತರದ ಪ್ಲಾಸ್ಟಿಕ್ ಕ್ರಿಸ್‌ಮಸ್ ಗಿಡವನ್ನು ಎರಡೂ ಕೈಯಿಂದ ಎತ್ತಿ ಅವನ ಮೇಲೆ ಕೆಡವಿದಳು. ಅವನು ಕೊಂಬೆ, ನಕ್ಷತ್ರ, ದೀಪದ ಸರಗಳಲ್ಲಿ ಸಿಕ್ಕಿಕೊಂಡು ಒದ್ದಾಡಿದ. ಬಾಲಮ್ಮ ಅವನ ಎರಡು ಕಾಲು, ಒಂದು ಕೈ ಕೂಡಿಸಿ ಅದೇ ದೀಪದ ಸರದಿಂದ ಬಿಗಿದಳು. ಪೊಲೀಸರು ಬರುವವರೆಗೆ ಅವನ ಮೈಮೇಲೆ ಕೆಂಪು, ಹಸಿರು ದೀಪಗಳು ಹತ್ತಿ ಆರುತ್ತಲೇ ಇದ್ದವು. ಮೂರನೆಯವನು ಆಗಲೇ ಬೈಕು ಹತ್ತಿ ಹೋಗಿಬಿಟ್ಟಿದ್ದ.

ಅವಳಿಗೆ ಗಾಯವಾದದ್ದು ಬಹಳ ಹೊತ್ತು ಯಾರಿಗೂ ಗೊತ್ತಾಗಲಿಲ್ಲ. ಅಂಗಿಯೇ ಕೆಂಪು. ತೋಳಿನ ತುದಿಯ ಬಿಳಿ ತುಪ್ಪಳ ಬಣ್ಣಗೆಟ್ಟಾಗ ಮೊದಲು ನೋಡಿದವರು ಸಂಘಮಿತ್ರಾ. ತಮ್ಮ ಸೆರಗು ಹರಿದು ಕಟ್ಟಿದರು.

ಹದಿನಾಲ್ಕು ಹೊಲಿಗೆ ಬಿದ್ದವು. ಸುದ್ದಿ ಊರಿಗೆ ಮುಟ್ಟಿ, ಮರುದಿನ ದೇವದುರ್ಗದ ಬಸ್ಸಿಗೆ ಜಂಬಣ್ಣನೂ ತಾಯಿ ಅಂಬಮ್ಮನೂ ಬಂದರು. ಅಂಬಮ್ಮ ಆಸ್ಪತ್ರೆಯ ಮಂಚದ ಪಕ್ಕ ಕೂತವಳೇ ಬೈಯಲು ಶುರುಮಾಡಿದಳು. "ಬಂಗಾರ ಯಾರ್ದು? ನಿಂದೇನು? ಒಯ್ದಿದ್ರ ಒಯ್ಯಲಿ ಅಂತ ಬಿಡಬೇಕಿಲ್ಲೇನು?"

"ಬಂಗಾರಕ್ಕಲ್ಲ ಯವ್ವಾ. ಕೂಸು ಇತ್ತು."

ಜಂಬಣ್ಣ ಕೇಳಿದ್ದು ಒಂದೇ ಮಾತು. "ಯಾವ ಕಾಲು ಹಿಡಿದಿ?"

"ಎಡಗಾಲು."

"ಬಲಗಾಲು ಹಿಡೀಬೇಕಿತ್ತು" ಎಂದ ಮುದುಕ. "ಮಚ್ಚಿನ ಕೈ ಅವ್ನ ಮೈಯಡಿ ಸಿಗ್ತಿತ್ತು."

ಬೀರೇಶ ಎರಡು ದಿನ ಆಟೋ ಹೊರಗೆ ತೆಗೆಯದೆ, ಹೆಂಡತಿಗೆ ರೊಟ್ಟಿ ಮುರಿದು ತುತ್ತು ಮಾಡಿ ತಿನ್ನಿಸಿದ. ಮೂರನೆಯ ದಿನ, "ಮುಂದ ಹಂಗ ಮಾಡಬ್ಯಾಡ" ಎಂದು ಎದ್ದು ಹೊರಗೆ ಹೋದ.

ಹೊರಗಿನವರು ಹೊಗಳುತ್ತಿದ್ದರು. ಪೇಪರಿನಲ್ಲಿ 'ಸಾಂತಾಕ್ಲಾಸ್ ವೇಷದಲ್ಲಿದ್ದ ಕಾವಲುಗಾರ' ಎಂದು ಬರೆದು, ಒಳಗೆ ಎಲ್ಲೋ 'ಮಹಿಳೆ' ಎಂದು ಸೇರಿಸಿದ್ದರು. ಬಾಲಮ್ಮನಿಗೆ ಆ ಹೊಗಳಿಕೆ ಮೈಗೆ ಹತ್ತಲಿಲ್ಲ. ನೆರೆಮನೆಯವರು ಒಣಕಟ್ಟಿಗೆ ಮುರಿದರೂ ಅವಳ ಕೈಕಾಲು ತಣ್ಣಗಾಗುತ್ತಿದ್ದವು. ಮನುಷ್ಯನ ಎಲುಬು ಮುರಿದ ಸದ್ದಿಗೂ ಅದಕ್ಕೂ ಹೆಚ್ಚು ಫರಕು ಇರಲಿಲ್ಲ. ಅದನ್ನು ಅವಳು ಹೇಳಿಕೊಂಡದ್ದು ದೇವಿಕಾಳ ಹತ್ತಿರ ಮಾತ್ರ.

ಐದನೆಯ ದಿನ ಮಾನ್ವಿಯ ಠಾಣೆಯಿಂದ ಕರೆ ಬಂತು. ಓಡಿಹೋದವನು ಪೋತ್ನಾಳದ ಹತ್ತಿರ ಬೈಕಿಗೆ ಪಂಕ್ಚರ್ ಹಾಕಿಸುವಾಗ ಸಿಕ್ಕಿದ್ದಾನೆ, ಬಂದು ಗುರುತಿಸಿ ಎಂದರು. ದೇವಿಕಾ ಜೊತೆಗೆ ಬಂದಳು. ಬಸ್ಸು ಮಾನ್ವಿ ಮುಟ್ಟುವವರೆಗೆ ಬಾಲಮ್ಮ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಠಾಣೆಯಲ್ಲಿ ಐದು ಜನರನ್ನು ಸಾಲಾಗಿ ನಿಲ್ಲಿಸಿದ್ದರು. ಮುಖ ಅವಳು ನೋಡಿರಲಿಲ್ಲ. ಒಬ್ಬೊಬ್ಬರಿಗೂ ಹೆಸರು, ಊರು ಹೇಳಿಸಿ ಎಂದು ಕೇಳಿಕೊಂಡಳು. ನಾಲ್ಕನೆಯವನು ಬಾಯಿ ತೆರೆದೊಡನೆ ದನಿ ಗೊತ್ತಾಯಿತು. ಇಪ್ಪತ್ತೆರಡು, ಇಪ್ಪತ್ತಮೂರರ ಸಣಕಲು ಮೈ. ಅವನು ಅವಳನ್ನು ಯಾರೋ ಎಂಬಂತೆ ನೋಡುತ್ತಿದ್ದ.

"ಇವ್ನೇ" ಎಂದಳು ಬಾಲಮ್ಮ. "ಕೂಸಿನ್ನ ಬಿಡಲೇ ಅಂದೋನು ಇವ್ನೇ."

ಹುಡುಗ ತಲೆ ಎತ್ತಿ ಅವಳ ಎತ್ತರ ನೋಡಿದ. "ನೀವಾ ಆ ಅಜ್ಜ?" ಎಂದ.

"ಹೌದು."

ಹೇಳಿಕೆ ಬರೆಯುತ್ತಿದ್ದ ಪೊಲೀಸಪ್ಪ ಬಾಗಿಲಲ್ಲಿ ನಿಂತದ್ದು, ಶಟರ್ ಎಳೆದದ್ದು ಬರೆದು ಪೆನ್ನು ಕೆಳಗಿಟ್ಟ.

"ಕೂಸಿನ ಮಾತು ಬರೆದ್ರೇನ್ರೀ?" ಎಂದು ಬಾಲಮ್ಮ ಕೇಳಿದಳು.

"ಅದ್ಯಾಕಮ್ಮ? ನಿನ್ನ ಕೈ ಕಡಿದೋರ ಜೋಡಿ ಬಂದೋನು ಇವ. ಇವ್ನ ಪರವಾಗಿ ಹೇಳ್ತೀಯೇನು?"

"ಪರ ಅಲ್ರೀ. ಶಟರ್ ಎಳೆದಿದ್ದು ಖರೆ, ಬರೀರಿ. ಇದೂ ಖರೆ ಅದ, ಇದ್ನೂ ಬರೀರಿ. ಇಲ್ಲಾಂದ್ರ ನಾ ಸಹಿ ಮಾಡಂಗಿಲ್ಲ."

ಪೊಲೀಸಪ್ಪ ದೇವಿಕಾಳ ಕಡೆ ನೋಡಿದ. ಅವಳು, "ಬರೀರಿ ಸರ್" ಎಂದಳು. ಅವನು ನಿಟ್ಟುಸಿರು ಬಿಟ್ಟು ಪೆನ್ನು ಎತ್ತಿಕೊಂಡ. ಬಲಗೈಗೆ ಪಟ್ಟಿ ಇದ್ದುದರಿಂದ ಬಾಲಮ್ಮ ಎಡಗೈಯಲ್ಲಿ, ಅಕ್ಷರ ಅಕ್ಷರಕ್ಕೂ ನಿಂತು, ಸಹಿ ಮಾಡಿದಳು.

ಕೇಸು ಇನ್ನೂ ನಡೆಯುತ್ತಿದೆ. ಇಬ್ಬರು ಜೈಲಿನಲ್ಲಿದ್ದಾರೆ, ಆ ಹುಡುಗನಿಗೆ ನಾಲ್ಕು ತಿಂಗಳಿಗೆ ಜಾಮೀನು ಸಿಕ್ಕಿತು. ಬಾಲಮ್ಮನ ಬಲಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಫೆಬ್ರವರಿ ಕೊನೆಗೆ ಕೆಲಸಕ್ಕೆ ಮರಳಿದಾಗ ಮಾಲಕರು ಎಲ್ಲರೆದುರು ಶಾಲು ಹೊದಿಸಿ, ಏನು ಬೇಕು ಕೇಳಮ್ಮ ಎಂದರು. ಒಂದು ಸರವನ್ನು ಡಬ್ಬಿಯಲ್ಲಿಟ್ಟು ತಯಾರಾಗಿದ್ದರು.

ಅವಳು ಡಬ್ಬಿಯ ಕಡೆ ನೋಡಲಿಲ್ಲ. "ಬಾಗಲ ಕಾಯೋರಿಗೆ ಕುಂದ್ರಾಕ ಸ್ಟೂಲು ಬೇಕ್ರಿ ಸರ್. ನನಗೊಂದು, ಹುಸೇನಪ್ಪಗೊಂದು. ದಿನಾ ಹತ್ತು ತಾಸು ನಿಂತು ಕಾಲು ಬಾಯ್ತಾವ."

ಸಂಜೆಯೊಳಗೆ ಎರಡು ಸ್ಟೂಲು ಬಂದವು. ಹುಸೇನಪ್ಪ ತನ್ನದರ ಮೇಲೆ ಕೂತು, ಅದು ಅಲ್ಲಾಡುತ್ತದೆಂದು ದೂರುತ್ತ, ಕಾಗದ ಮಡಚಿ ಒಂದು ಕಾಲಿನ ಕೆಳಗೆ ಇಡತೊಡಗಿದ.