ಧಾರಾವಾಹಿ ಮುಗಿಯುವ ತನಕ

ನನ್ನ ಸೋದರತ್ತೆ ತನ್ನ ಎರಡನೆಯ ಮದುವೆಯ ಮಾತನ್ನು ಒಂದು ವಾರಪತ್ರಿಕೆಯ ಧಾರಾವಾಹಿ ಮುಗಿಯುವ ತನಕ ತಡೆದು ನಿಲ್ಲಿಸಿದ್ದಳು ಅಂದರೆ ಈಗಿನ ಮಕ್ಕಳು ನಗುತ್ತಾರೆ. ಮೊದಮೊದಲು ನಾವೂ ನಕ್ಕೆವು. ಆಮೇಲೆ ಮನೆಯಲ್ಲಿ ಯಾರಿಗೂ ನಗು ಬರಲಿಲ್ಲ.

ನಮ್ಮ ಕಡೆ ಬೊಂಬಾಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದು ಕೆಲವು ವರ್ಷಗಳಾಗಿದ್ದವು. ನಾನು ಧಾರವಾಡದ ಕಾನ್ವೆಂಟಿನಲ್ಲಿ ಬೋರ್ಡರ್ ಆಗಿ ಓದಿ, ಎಸ್ಸೆಸ್ಸೆಲ್ಸಿ ಬರೆದು, ರಿಸಲ್ಟ್ ಕಾಯುತ್ತ ಶಿರಸಿಗೆ ಬಂದಿದ್ದೆ. ಮುಂದೆ ಅಪ್ಪನ ಕಿರಾಣಿ ಅಂಗಡಿ, ಹಿಂದೆ ಮನೆ. ಮನೆಯೆಲ್ಲ ಮೆಣಸಿನಕಾಯಿ, ಸೀಮೆಎಣ್ಣೆ, ಬೆಲ್ಲದ ವಾಸನೆ.

ಕಾನ್ವೆಂಟಿನಲ್ಲಿ ಕಥೆ ಪುಸ್ತಕಗಳಿಗೆ ಗಾಜಿನ ಬಾಗಿಲಿನ ಕಪಾಟು ಇತ್ತು. ಕೀಲಿ ಸಿಸ್ಟರ್ ಸೊಂಟದಲ್ಲಿ. ಫಿಕ್ಷನ್ ಅನ್ನು ಆಕೆ ಪುಡಿಂಗ್ ಹಾಗೆ ಬಡಿಸುತ್ತಿದ್ದರು, ಊಟ ಪೂರ್ತಿ ಮಾಡಿದವರಿಗೆ ಮಾತ್ರ, ಅದೂ ಒಂದು ಚಮಚ. ಫೇರಿಗಳ ಕಥೆ ನಡೆಯುತ್ತಿತ್ತು. ದೆವ್ವದ ಕಥೆಯಲ್ಲಿ ಕೊನೆಗೆ ದೆವ್ವ ಪಶ್ಚಾತ್ತಾಪ ಪಟ್ಟರೆ ಅದಕ್ಕೂ ಪರ್ಮಿಶನ್. ರೊಮ್ಯಾನ್ಸ್ ಮಾತ್ರ ಎಲ್ಲಕ್ಕಿಂತ ಮೇಲಿನ ಶೆಲ್ಫಿನಲ್ಲಿ, ಬೆನ್ನು ಆ ಕಡೆ ತಿರುಗಿಸಿಕೊಂಡು ಕೂತಿರುತ್ತಿತ್ತು. ಹೀಗಾಗಿ ಈ ಮೂರು ಬಗೆಯ ಸುಖ ದೇವರು ಇಂಗ್ಲಿಷಿಗೆ ಮಾತ್ರ ಕೊಟ್ಟದ್ದು, ಕನ್ನಡ ಇರುವುದು ವ್ಯಾಕರಣಕ್ಕೆ, ವಚನಕ್ಕೆ ಮತ್ತು ಅಪ್ಪನ ಅಂಗಡಿಯ ಲೆಕ್ಕಕ್ಕೆ ಅಂತ ನಾನು ನಂಬಿಬಿಟ್ಟಿದ್ದೆ. ವಾಟ್ ಎ ಲಿಟಲ್ ಸ್ನಾಬ್!

ಆ ಬೇಸಿಗೆಯಲ್ಲಿ ಹುಬ್ಬಳ್ಳಿ ಬಸ್ಸಿನಲ್ಲಿ ಬೆಂಗಳೂರಿನ ಒಂದು ವಾರಪತ್ರಿಕೆ ನಮ್ಮ ಮನೆಗೆ ಬರತೊಡಗಿತು. ಅದರಲ್ಲಿ ಒಟ್ಟಿಗೆ ಮೂರು ಧಾರಾವಾಹಿ. ಒಂದರಲ್ಲಿ ಕೆರೆಯ ತಳದಲ್ಲೊಂದು ನಗರ, ಅಲ್ಲಿಯ ಜನ ಮುದುಕರಾಗಿ ಹುಟ್ಟಿ ಕೂಸುಗಳಾಗಿ ಸಾಯುತ್ತಿದ್ದರು. ಇನ್ನೊಂದರಲ್ಲಿ ಕಾಡಿನ ನಡುವಿನ ಬಂಗಲೆ, ಅಲ್ಲಿ ಸತ್ತ ಇಂಜಿನಿಯರ ಕೆಮ್ಮು ಕೇಳಿಸುತ್ತಿತ್ತು. ಮೂರನೆಯದು ಒಬ್ಬ ವಿಧವೆ ಟೀಚರ್ ಮತ್ತು ಆ ಊರಿಗೆ ಹೊಸದಾಗಿ ಬಂದ ಡಾಕ್ಟರ ಕಥೆ. ನಾನು ನಿಂತಲ್ಲೇ ಮೂರನ್ನೂ ಓದಿ ಮುಗಿಸಿದೆ. ನನ್ನ ಭಾಷೆಯಲ್ಲೇ ಮೈ ಜುಮ್ಮೆಂದಿತಲ್ಲ, ಅದು ನನಗೆ ಅಪಮಾನವೂ ಆಯಿತು, ಹಬ್ಬವೂ ಆಯಿತು.

ಅತ್ತೆ ಅಪ್ಪನ ಕಿರಿಯ ತಂಗಿ. ಹಾವೇರಿ ಕಡೆ ಕೊಟ್ಟಿದ್ದರು. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಒಂದು ಟ್ರಂಕಿನೊಂದಿಗೆ ನಮ್ಮ ಮನೆಗೆ ಮರಳಿದ್ದಳು. ಇಪ್ಪತ್ತೈದೂ ತುಂಬಿರಲಿಲ್ಲ. ಆಕೆಗೆ ಓದು ಬರುತ್ತಿತ್ತು, ಆದರೆ ಬೇಸಿಗೆಯ ಮಧ್ಯಾಹ್ನ ಕೈ ಬಿಡುವಿರುತ್ತಿರಲಿಲ್ಲ. ಹಿತ್ತಲ ಪಡಸಾಲೆಯಲ್ಲಿ ಶಾವಿಗೆ ಮಣೆಯ ಮೇಲೆ ಕುದುರೆ ಹತ್ತಿದಂತೆ ಕೂತು ಹಿಟ್ಟು ಹೊಸೆಯುತ್ತಿದ್ದಳು. ಕೆಳಗೆ ಇಳಿಯುವ ಎಳೆಯನ್ನು ಅವ್ವ ಹಿಡಿದು ಕೋಲಿಗೆ ಹಾಕುತ್ತಿದ್ದಳು. ನಾನು ಓದಬೇಕು.

ಕೇಳುವುದರಲ್ಲಿ ಅತ್ತೆಯದೇ ಒಂದು ರೀತಿ. ಕೆರೆಯ ತಳದ ನಗರದ ಕಥೆ ಬಂದರೆ, "ಅಲ್ಲಿ ಒಲಿ ಹೆಂಗ ಹತ್ತತೈತಿ? ಸುತ್ತ ನೀರ ಐತಲ್ಲ," ಅನ್ನುತ್ತಿದ್ದಳು. ಕೆಮ್ಮುವ ದೆವ್ವಕ್ಕೆ, "ಪಾಪ, ಬಾಯಾರಿರಬೇಕು. ಒಬ್ಬರರ ಒಂದ್ ತಂಬಿಗಿ ನೀರು ಇಡಬಾರದ?"

"ದೆವ್ವಕ್ಕ ನೀರು ಕೊಡಾಕ ಹೋಗ್ತಿ, ಭಾಳ ಶಾಣ್ಯಾಕಿ ಅದಿ," ಅಂತ ಅವ್ವ ನಗುತ್ತಿದ್ದಳು.

ಟೀಚರ ಕಥೆ ಶುರುವಾದರೆ ಮಾತ್ರ ಅತ್ತೆ ತುಟಿ ಬಿಚ್ಚುತ್ತಿರಲಿಲ್ಲ. ಮುಗಿದ ಮೇಲೆ, "ಇನ್ನೊಮ್ಮೆ ಓದವಾ," ಅನ್ನುತ್ತಿದ್ದಳು. ಅಷ್ಟೇ.

ಅಂಥದರಲ್ಲಿ ದಾಸನಕೊಪ್ಪದಿಂದ ಅಪ್ಪನ ದೊಡ್ಡಪ್ಪ ಬಂದರು. ಅತ್ತೆಯೂ ಸೇರಿ ಮನೆಮಂದಿಗೆಲ್ಲ ಅವರು ಅಜ್ಜ. ಯಲ್ಲಾಪುರದ ಕಡೆ ಕಿರವತ್ತಿಯಲ್ಲಿ ಒಬ್ಬನಿದ್ದಾನೆ, ಹೆಂಡತಿ ತೀರಿದ್ದಾಳೆ, ಮಕ್ಕಳಿಲ್ಲ, ರಸ್ತೆ ಬದಿ ಸಣ್ಣ ಅಂಗಡಿ, ಕಾಡಿನ ಕೆಲಸದವರಿಗೆ ಹಗ್ಗ, ಕೊಡಲಿ, ಕಂದೀಲು ಮಾರುತ್ತಾನೆ. ಉಡಿಕೆ ಮಾಡಿ ಕೊಡೋಣ ಅಂದರು. ನಮ್ಮಲ್ಲಿ ವಿಧವೆಗೆ ಹೊಸ ಸೀರೆ ಉಡಿಸಿ ಕಳಿಸುವುದಕ್ಕೆ ಉಡಿಕೆ ಅನ್ನುತ್ತಾರೆ. ಅದಕ್ಕೆ ಹಂದರವಿಲ್ಲ, ವಾಜಂತ್ರಿಯವರ ಓಲಗ ಇಲ್ಲ.

ಅಪ್ಪ ತಂಗಿಯನ್ನು ಕರೆದು ಕೇಳಿದರು. ಆಕೆ ಸೆರಗು ಹೊದ್ದು, ಕಂಬಕ್ಕೆ ಆತು ನಿಂತು ಹೇಳಿದಳು: "ಆ ಟೀಚರದು ಏನಾಗತೈತಿ ನೋಡೂನಂತ. ಕತಿ ಮುಗೀಲಿ ಅಣ್ಣಾ, ಆಮ್ಯಾಲೆ ಹೇಳ್ತೀನಿ."

ಅಜ್ಜ ಕಿವಿಗೆ ಕೈ ಹಚ್ಚಿ ಅಪ್ಪನನ್ನು ನೋಡಿದರು. "ಯಾವ ಟೀಚರ? ನಮ್ಮ ಬೀಗರೊಳಗ ಟೀಚರ ಯಾರದಾರ?"

ಅಪ್ಪನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಗುಟ್ಟು ಅಂದರೆ, ಪತ್ರಿಕೆ ಬಂದ ದಿನ ಅವರೂ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ಬಂಗಲೆಯ ಕೆಮ್ಮಿನ ಕಥೆಯನ್ನು ಮೊದಲು ಓದಿ, ಏನೂ ಅರಿಯದವರಂತೆ ಒಳಗೆ ಕಳಿಸುತ್ತಿದ್ದರು. ಕಥೆ ಅರ್ಧಕ್ಕೆ ನಿಂತರೆ ಏನು ಸಂಕಟ ಅನ್ನುವುದು ಅವರಿಗೆ ಗೊತ್ತಿತ್ತು. ಅವತ್ತಿನಿಂದ ಅವರು ಟೀಚರ ಕಥೆಯನ್ನೂ ಓದತೊಡಗಿದರು. ಅವ್ವನೂ. ಒಂದು ಇನ್‌ಸ್ಟಾಲ್‌ಮೆಂಟಿನಲ್ಲಿ ಡಾಕ್ಟರು ಟೀಚರಿಗೆ ಛತ್ರಿ ಹಿಡಿದರೆ ನಮ್ಮ ಮನೆಯಲ್ಲಿ ರಾತ್ರಿ ಊಟ ರುಚಿಯಾಗುತ್ತಿತ್ತು. ಮುಂದಿನದರಲ್ಲಿ ಊರವರು ಆಡಿಕೊಂಡರೆ ಅವ್ವ ಪಾತ್ರೆ ಜೋರಾಗಿ ಇಡುತ್ತಿದ್ದಳು. ನಮಗೆಲ್ಲ ಅತ್ತೆ ಕಿರವತ್ತಿಗೆ ಹೋಗಬೇಕು ಅಂತ ಆಸೆ. ಹೊರೆ ಇಳಿಯಲಿ ಅಂತಲ್ಲ. ಆಕೆ ಟ್ರಂಕಿನಿಂದ ಮದುವೆಯ ಸೀರೆ ತೆಗೆದು, ಮೂಸಿ, ಮತ್ತೆ ಒಳಗಿಡುವುದನ್ನು ನಾವೆಲ್ಲ ನೋಡಿದ್ದೆವು.

ಅಜ್ಜ ಸಂತೆಗೆ ಬಂದಾಗಲೆಲ್ಲ ಅಂಗಡಿಯ ಮೆಟ್ಟಿಲಿಂದಲೇ ಕೂಗುತ್ತಿದ್ದರು. "ಮುಗೀತೇನವಾ ನಿನ್ನ ಪುರಾಣ? ಕಿರವತ್ತಿಯಾಂವ ಮುದುಕ ಆಗಾಕ ಹತ್ಯಾನ!"

"ಆಗ್ಲಿ ಬಿಡ್ರಿ ಅಜ್ಜಾರ. ಕೆರಿ ತಳದ ಊರಿಗೆ ಕಳಸೂನು, ಮತ್ತ ಹುಡುಗ ಆಗ್ತಾನ," ಅನ್ನುತ್ತಿದ್ದಳು ಅತ್ತೆ ಒಳಗಿನಿಂದ.

ಕೊನೆಗೆ ಕೊನೆಯ ಕಂತು ಬಂತು. ಅಪ್ಪ ಅದನ್ನು ಓದಿ, ಒಳಗೆ ಬಂದು, ಅವ್ವನ ಕೈಗೆ ಕೊಟ್ಟು ಹೋದರು. ಅವ್ವ ಓದಿ ನನ್ನನ್ನು ಅಡಿಗೆಮನೆಗೆ ಎಳೆದಳು. ಟೀಚರು ತನ್ನ ತಂಗಿಯನ್ನು ಡಾಕ್ಟರಿಗೆ ಕೊಟ್ಟು, ತಾನು ಅನಾಥಾಶ್ರಮಕ್ಕೆ ರೈಲು ಹತ್ತಿದ್ದಳು. ಕೊನೆಯ ಪ್ಯಾರಾದಲ್ಲಿ ತ್ಯಾಗವನ್ನು ಹಣತೆಗೆ ಹೋಲಿಸಿದ್ದರು.

"ಹಿಂಗ ಓದಬ್ಯಾಡ," ಅಂದಳು ಅವ್ವ. "ಇಂಗ್ಲೀಷ್ ಕಲ್ತೀದಿ. ಏನರ ಛಲೋದು ಕೂಡಿಸಿ ಓದು. ಲಗ್ನ ಮಾಡಿಬಿಡು ಅವರದು."

ಹ್ಯಾಪಿ ಎಂಡಿಂಗ್ ಕಟ್ಟುವುದು ನನಗೇನು ಕಷ್ಟ ಅಂದುಕೊಂಡೆ. ಪಡಸಾಲೆಯಲ್ಲಿ ಕೂತು, ಪುಟದ ಮೇಲೆ ಕಣ್ಣಿಟ್ಟು, ಬಾಯಿಂದ ಬೇರೆಯೇ ಓದಿದೆ. ರೈಲು ಹೊರಡುತ್ತದೆ, ಡಾಕ್ಟರು ಪ್ಲಾಟ್‌ಫಾರ್ಮಿನ ಮೇಲೆ ಓಡಿ ಬರುತ್ತಾರೆ, "ನಿಲ್ಲಿ, ನೀವಿಲ್ಲದೆ ನನಗೆ ಯಾವ ಔಷಧವೂ ನಾಟುವುದಿಲ್ಲ."

ಅತ್ತೆಯ ಕೈ ನಿಂತಿತು. "ಇದು ನಿನ್ನ ಕನ್ನಡ. ಬೆಂಗಳೂರಾಂವ ಹಿಂಗ ಬರಿಯೂದಿಲ್ಲ. ಕೊಡಿಲ್ಲಿ."

ಹಿಟ್ಟಿನ ಕೈಯಲ್ಲೇ ಪತ್ರಿಕೆ ಇಸಿದುಕೊಂಡು, ಮಣೆಯಿಂದ ಇಳಿಯದೆ, ತುಟಿ ಅಲ್ಲಾಡಿಸುತ್ತ ನಿಧಾನ ಓದಿದಳು. ಹಿಡಿದ ಎಳೆ ಅವ್ವನ ಕೈಯಲ್ಲೇ ಒಣಗತೊಡಗಿತು.

"ಅಂಜಿಬಿಟ್ಟ," ಅಂದಳು ಅತ್ತೆ.

"ಯಾರು? ಡಾಕ್ಟರ?" ಅಂದಳು ಅವ್ವ.

"ಬರದಾಂವ. ಇಷ್ಟ ವಾರ ಕಾಯಿಸಿ ಕಡೀಕ ಅಂಜಿಬಿಟ್ಟ." ಪತ್ರಿಕೆಯನ್ನು ಮಡಚಿ ನನ್ನ ಕೈಗೆ ಕೊಟ್ಟಳು: "ಆ ಡಾಕ್ಟರನೂ ಅಷ್ಟ. ಛತ್ರಿ ಹಿಡದ, ಹೂವು ಕೊಟ್ಟ. ನಿನ್ನ ಗಂಡ ಹೆಂಗಿದ್ದ ಅಂತ ಒಮ್ಮೆರ ಕೇಳಿದನೇನು? ಸತ್ತಾಂವ ಇರಲೇ ಇಲ್ಲ ಅನ್ನೂ ಹಂಗ. ವೈನಿ, ಅಣ್ಣಗ ಹೇಳ್ರಿ, ಕಿರವತ್ತಿಯವರು ಬರ್ಲಿ. ನಾ ಕೂತು ಮಾತಾಡಬೇಕು."

ಕಿರವತ್ತಿಯವರು ಅಜ್ಜನ ಜೊತೆ ಬಂದರು. ಕಪ್ಪಗೆ, ಎತ್ತರಕ್ಕೆ ಇದ್ದರು, ಕೂರಲು ಹೇಳಿದರೂ ಬಹಳ ಹೊತ್ತು ನಿಂತೇ ಇದ್ದರು. ಅವ್ವ ಚಹಾ ಕೊಟ್ಟಳು. ಅಜ್ಜ ಮಳೆ, ರಸ್ತೆ, ಹುಬ್ಬಳ್ಳಿಯ ದರ ಎಲ್ಲ ಮಾತಾಡಿದರು. ಅತ್ತೆ ನಡುಮನೆಯ ಬಾಗಿಲಲ್ಲಿ ಕೂತಳು, ತಲೆ ತಗ್ಗಿಸಲಿಲ್ಲ.

"ಹೋದವರು ಹೆಂಗಿದ್ರು?" ಅಂತ ಕೇಳಿದಳು.

ಅಜ್ಜ ಕೆಮ್ಮಿದರು. ತೀರಿದ ಹೆಂಡತಿಯ ಮಾತು ಅಂಥ ಹೊತ್ತಿನಲ್ಲಿ ಯಾರೂ ಎತ್ತುವುದಿಲ್ಲ. ಆ ಮನುಷ್ಯ ಚಹಾದ ಬಸಿಯನ್ನು ಕೆಳಗಿಟ್ಟರು. ಮೊದಲು, "ಛಲೋ ಇದ್ಳರಿ," ಅಂದರು. ಆಮೇಲೆ ಒಂದೊಂದೇ ಬಂತು. ಆಕೆಗೆ ಕಿವಿ ಸ್ವಲ್ಪ ಮಂದ ಇತ್ತು, ಅದಕ್ಕೇ ತಾನು ಇಂದಿಗೂ ಜೋರಾಗಿ ಮಾತಾಡುವುದು. ಅಂಗಡಿಯಲ್ಲಿ ಕಂದೀಲಿನ ಗಾಜು ಒರೆಸುವುದೆಂದರೆ ಆಕೆಗೆ ಇಷ್ಟ. ಸಿಟ್ಟು ಬಂದರೆ ಊಟ ಬಡಿಸಿ ಎದುರಿಗೆ ಕೂಡುತ್ತಿರಲಿಲ್ಲ. ಅಷ್ಟು ಹೇಳಿ, ಅವರು ಅತ್ತೆಯನ್ನು ಮೊದಲ ಬಾರಿ ನೇರವಾಗಿ ನೋಡಿದರು. "ನಿಮ್ಮವರು?"

ನಾನು ಅಡಿಗೆಮನೆಯ ಬಾಗಿಲ ಸಂದಿಯಲ್ಲಿದ್ದೆ. ಅತ್ತೆ ಹೇಳುತ್ತ ಹೋದಳು. ತನ್ನ ಗಂಡ ಎತ್ತಿನ ಜೊತೆ ಜಗಳವಾಡುತ್ತಿದ್ದ, ಮನುಷ್ಯರ ಜೊತೆ ಒಮ್ಮೆಯೂ ಆಡಲಿಲ್ಲ. ಜ್ವರದಲ್ಲಿ ಮಲಗಿದಾಗ ಕಬ್ಬಿನ ಹಾಲು ಬೇಡಿದ, ಆ ಹೊತ್ತಿಗೆ ಎಲ್ಲೂ ಗಾಣ ನಡೆಯುತ್ತಿರಲಿಲ್ಲ. ಅಪ್ಪ ಅಂಗಡಿಯ ಬಾಗಿಲಿಗೆ ಬಂದು ನಿಂತಿದ್ದರು. ಗಿರಾಕಿಯೊಬ್ಬ ಹೊರಗೆ ಕೂಗುತ್ತಿದ್ದ. ಅವರು ಹೋಗಲಿಲ್ಲ. ಇದ್ಯಾವುದೂ ಅಪ್ಪನಿಗೆ ಗೊತ್ತಿರಲಿಲ್ಲ, ನನಗೂ ಇಲ್ಲ. ಆಕೆ ಟ್ರಂಕಿನೊಂದಿಗೆ ಬಂದ ದಿನದಿಂದ ನಮ್ಮ ಮನೆಯಲ್ಲಿ ನಿನ್ನ ಗಂಡ ಹೇಗಿದ್ದ ಅಂತ ನಾವ್ಯಾರೂ ಕೇಳಿರಲಿಲ್ಲ.