ಉಡಕಿಯ ಶರಣಮ್ಮ ಮತ್ತು ‘ಇಂಪೆಕಬಲ್’

1915ರ ಸುಮಾರಿಗೆ, ನಿಜಾಮ ಸರ್ಕಾರದ ಕಾಲದಲ್ಲಿ, ನಾನು ಕಲಬುರಗಿಯ ಕಚೇರಿಯೊಂದರಲ್ಲಿ ಮುತರ್ಜಿಮ್ ಆಗಿದ್ದೆ, ಅಂದರೆ ಭಾಷಾಂತರಕಾರ. ಕಚೇರಿಯ ಭಾಷೆ ಉರ್ದು, ಜನರದು ಕನ್ನಡ, ಹೆಂಗಸರ ದವಾಖಾನೆಯ ಡಾಕ್ಟರಮ್ಮನವರದು ಇಂಗ್ಲಿಷ್. ಮೂರರ ನಡುವೆ ಓಡಾಡುವುದೇ ನನ್ನ ಹೊಟ್ಟೆಪಾಡು.

ಆ ವರ್ಷ ದವಾಖಾನೆಗೆ ಹೆರಿಗೆ ಮಾಡಿಸುವ ದಾಯಿಯೊಬ್ಬಳು ಬೇಕಾಗಿದ್ದಳು. ಕಮಲಾಪುರದ ಶರಣಮ್ಮ ಅರ್ಜಿ ಹಾಕಿದಳು. ಅವಳ ಕೈಗುಣದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಆದರೆ ಡಾಕ್ಟರಮ್ಮನವರ ಷರತ್ತೊಂದಿತ್ತು: ಅವಳ ನಡತೆ ‘ಇಂಪೆಕಬಲ್’ ಎಂದು ನಮ್ಮ ಕಚೇರಿ ವಿಚಾರಿಸಿ ಬರೆದುಕೊಡಬೇಕು. ‘ಗುಡ್’ ಎಂದರೆ ಸಾಲದು. ಒಳ್ಳೆಯವರಲ್ಲೂ ಸಣ್ಣಪುಟ್ಟ ಕುಂದು ಇರಬಹುದು. ಇಂಪೆಕಬಲ್ ಎಂದರೆ ಬೆರಳು ಮಾಡಿ ತೋರಿಸಲು ಒಂದು ತಪ್ಪೂ ಸಿಗದ ನಡತೆ. ಉರ್ದುವಿನಲ್ಲಿ ‘ಬೇಐಬ್’ ಎಂದು ಇಳಿಸಿದೆ.

ವಿಚಾರಣೆಗೆ ಕಮಲಾಪುರಕ್ಕೆ ಹೋದೆ. ಶರಣಮ್ಮ ಮೊದಲ ಗಂಡ ತೀರಿಕೊಂಡ ಮೇಲೆ ಉಡಕಿಯಾಗಿದ್ದಳು. ವಿಧವೆಗೆ ಹೊಸ ಸೀರೆ ಉಡಿಸಿ ಇನ್ನೊಬ್ಬನ ಜೊತೆ ಸಂಸಾರಕ್ಕೆ ಕೂಡಿಸುವ ಪದ್ಧತಿ ಅದು. ಕುಲದವರು ಕೂತು ಒಪ್ಪಿ ಮಾಡಿದ್ದು, ಕದ್ದು ಮಾಡಿದ್ದಲ್ಲ. ಆದರೂ ಉಡಕಿಯಾದವಳನ್ನು ಶುಭಕಾರ್ಯಕ್ಕೆ ಕರೆಯುವುದಿಲ್ಲ. ಊರಿನ ಕೂಸುಗಳನ್ನು ಮೊದಲು ಮುಟ್ಟುವ ಕೈ ಅವಳದೇ. ಅದೇ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅವಳು ಹೊರಗೆ. ಕೇಳಿ ನನಗೆ ಮೈಯೆಲ್ಲ ಉರಿಯಿತು.

“ಆಕಿ ಏನು ತಪ್ಪು ಮಾಡ್ಯಾಳ?” ಎಂದು ಮನೆಮನೆಯಲ್ಲಿ ಕೇಳಿದೆ.

“ತಪ್ಪೇನಿಲ್ಲರಿ, ಉಡಕಿ ಆಗ್ಯಾಳ ಅಷ್ಟ,” ಅಂದಳು ಒಬ್ಬ ಮುದುಕಿ. ಬೇರೆ ಯಾರೂ ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಶರಣಮ್ಮನ ನಡತೆ ‘ಬೇಐಬ್’ ಎಂದು ವರದಿ ಬರೆದೆ. ನನ್ನ ಮೇಲಧಿಕಾರಿ ಪೇಶಕಾರ ರಾಘವರಾಯರು ಅದನ್ನು ನೋಡಿ ಮುಖ ಸಿಂಡರಿಸಿದರು. “ಉಡಕಿ ಹೆಂಗಸಿಗೆ ಇಷ್ಟು ದೊಡ್ಡ ಶಬ್ದ ಏನ್ರೀ? ಅದಕ್ಕ ‘ಹೆಚ್ಚುಕಡಿಮಿ’ ಅಂತ ಒಂದು ಜೋಡಸ್ರಿ.”

“ಆ ಶಬ್ದಕ್ಕ ಹೆಚ್ಚೂ ಇಲ್ಲ, ಕಡಿಮಿನೂ ಇಲ್ಲರಿ. ಇದ್ದರ ಪೂರಾ, ಇಲ್ಲಂದ್ರ ಇಲ್ಲ.”

ಕೊನೆಗೆ ಅವರೇ ಒಂದು ದಾರಿ ಹೇಳಿದರು: ಉಡಕಿಯ ಸುದ್ದಿ ಬಿಟ್ಟುಬಿಡಿ, ಶಬ್ದ ಬೇಕಾದರೆ ಇರಲಿ. ಶರಣಮ್ಮ ಕಚೇರಿಯ ಕಟ್ಟೆಯ ಮೇಲೆ ಕೂತಿದ್ದಳು. ಹೋಗಿ ತಿಳಿಸಿದೆ. ಅವಳು ಎದ್ದು ನಿಂತಳು.

“ಮುಚ್ಚಿಟ್ಟು ಬರದ್ರ, ತಪ್ಪು ಮಾಡೀನಿ ಅಂತ ನಾನೇ ಒಪ್ಪಿಕೊಂಡಂಗ ಆಗ್ತದರಿ ಸಾಹೇಬ್ರ. ಉಡಕಿ ಆಗೀನಿ ಅಂತ ಮೊದಲು ಬರೀರಿ. ಅದರ ಮಗ್ಗಲಿಗೇ ಆ ಶಬ್ದ ಬರೀರಿ. ಇಲ್ಲಂದ್ರ ನನಗ ಈ ನೌಕರಿನೇ ಬ್ಯಾಡ.”

ಹಾಗೆಯೇ ಬರೆದೆ, ಎರಡನ್ನೂ ಒಂದೇ ವಾಕ್ಯದಲ್ಲಿ. ಪೇಶಕಾರರು ಸಹಿ ಹಾಕಲಿಲ್ಲ. “ನಿಮಗ ನೌಕರಿ ಮ್ಯಾಲ ಆಸೆ ಇಲ್ಲೇನು?” ಎಂದು ಕಣ್ಣು ಕೆಂಪಗೆ ಮಾಡಿದರು. ನಾನೊಬ್ಬನೇ ಸಹಿ ಹಾಕಿ, ಇಂಗ್ಲಿಷಿಗೂ ಇಳಿಸಿ, ದವಾಖಾನೆಗೆ ಹೋಗಿ ಕೈಯಾರೆ ಕೊಟ್ಟೆ.

ಡಾಕ್ಟರಮ್ಮನವರು ಓದಿ, “ಎರಡೂ ನಿಜವೇ?” ಎಂದು ಕೇಳಿದರು.

“ಎರಡೂ ನಿಜ,” ಎಂದೆ.

ಶರಣಮ್ಮನಿಗೆ ಕೆಲಸ ಸಿಕ್ಕಿತು, ನನಗೆ ದೂರದ ಊರಿಗೆ ವರ್ಗ. ಹೆಂಡತಿ ಬೈದಳು, ನಾನು ನಗುತ್ತಲೇ ಗಂಟುಮೂಟೆ ಕಟ್ಟಿದೆ.

ಆಮೇಲೂ ಈ ಕೆಲಸದಲ್ಲೇ ತಲೆ ನರೆಯಿತು. ನಿಷ್ಕಳಂಕ ಎಂಬ ಮಾತು ಯಾರಿಗೆ ಸಲ್ಲಬೇಕೆಂದು ದೊಡ್ಡವರು ತಮ್ಮತಮ್ಮಲ್ಲೇ ಹಂಚಿಕೊಳ್ಳುವುದನ್ನು ಬೇಕಾದಷ್ಟು ನೋಡಿದ್ದೇನೆ. ಮುಚ್ಚಿಡಲು ಏನೂ ಇಲ್ಲದವರಿಗೆ ಆ ಮಾತು ಸಲ್ಲುತ್ತದೆ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಇವತ್ತು ಕೇಳಿದರೂ ಹಾಗೆಯೇ ಬರೆಯುತ್ತೇನೆ. ಸಹಿ ಹಾಕದವರು ಹಾಕದಿರಲಿ.