ಊರಿಗೆ ಕಳಿಸುವ ಆಟ

ಮಧ್ಯಾಹ್ನ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಕೋಣೆಯಿಂದ ಮಗಳ ದನಿ ಬರುತ್ತಿತ್ತು. ಒಂದೇ ಮಾತನ್ನು ಮೆಲ್ಲಗೆ, ಜೋಗುಳದ ಹಾಗೆ ಹೇಳುತ್ತಿದ್ದಳು: "ಹಿಲ್ರಾಹೈ, ಹಿಲ್ರಾಹೈ." ಅವಳಿಗಾಗ ಆರು ವರ್ಷ. ತಮ್ಮನನ್ನು ಮಲಗಿಸುತ್ತಿದ್ದಾಳೆ ಅಂದುಕೊಂಡೆ. ಕೂಸಿನ ಸದ್ದೇ ಇಲ್ಲವಲ್ಲ ಅನ್ನಿಸಿ ಎದ್ದು ಹೋದರೆ, ಹಾಸಿಗೆಯ ಮೇಲೆ ದಿಂಬು, ರಜಾಯಿ, ಒಗೆದ ಬಟ್ಟೆಗಳ ಗುಡ್ಡೆ. ಅದರ ಮೇಲೆ ನೀಲಿ ದುಪ್ಪಟಿಯನ್ನು ಸುಕ್ಕಿಲ್ಲದಂತೆ ಹೊದಿಸಲಾಗಿತ್ತು. ಒಂದು ತುದಿಯಲ್ಲಿ ಏಳು ತಿಂಗಳ ಕೂಸಿನ ಪಾದ ಹೊರಗಿತ್ತು. ಮಗಳು ಪಕ್ಕದಲ್ಲಿ ಕೂತು ಆ ಪಾದವನ್ನೇ ನೋಡುತ್ತಿದ್ದಳು.

ಎಲ್ಲವನ್ನೂ ಎಳೆದುಹಾಕಿ ಮಗನನ್ನು ಎತ್ತಿಕೊಂಡೆ. ತುಟಿ ಕಪ್ಪಿಟ್ಟಿತ್ತು. ಬೆನ್ನು ತಟ್ಟಿದ ಮೇಲೆ ದೀರ್ಘವಾಗಿ ಉಸಿರೆಳೆದು ಅತ್ತ. ಮಗಳು ಬೆದರಲಿಲ್ಲ.

"ಯಾಕಮ್ಮ ತೆಗ್ದೆ? ಪಾಪು ಊರಿಗೆ ಹೋಗ್ತಿತ್ತು," ಅಂದಳು.

ಇದು ಮೊದಲ ಸಲವಾಗಿರಲಿಲ್ಲ. ಶಾಲೆಯಲ್ಲಿ ಜೊತೆಯ ಹುಡುಗಿಯೊಬ್ಬಳನ್ನು ಬೆಂಚಿನ ಕೆಳಗೆ ಮಲಗಿಸಿ ಮೇಲೆ ಬ್ಯಾಗುಗಳನ್ನು ಪೇರಿಸಿದ್ದಳು. ಬಿಡಿಸಲು ಬಂದ ಮಿಸ್ಸಿನ ಕೈಯನ್ನು ರಕ್ತ ಬರುವಂತೆ ಕಚ್ಚಿದ್ದಳು. ಬೀದಿಯ ನಾಯಿಮರಿಯನ್ನು ಸಿಮೆಂಟ್ ಚೀಲದಲ್ಲಿ ಹಾಕಿ ಮೇಲೆ ಇಟ್ಟಿಗೆ ಇಟ್ಟಿದ್ದಳು. ಅದನ್ನು ನಮ್ಮ ಮನೆಯಲ್ಲಿ ಬಾಡಿಗೆಗಿದ್ದವರು ಕಂಡು ಉಳಿಸಿದರು. ಯಾವತ್ತೂ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಬೈದರೆ ಬೈಸಿಕೊಳ್ಳುತ್ತಿದ್ದಳು, ಹೊಡೆದರೆ ಹೊಡೆಸಿಕೊಳ್ಳುತ್ತಿದ್ದಳು. ಕಣ್ಣು ಮಾತ್ರ ನಮ್ಮನ್ನು ದಾಟಿ ಇನ್ನೆಲ್ಲೋ ಇರುತ್ತಿತ್ತು.

ಬಾಣಂತನ ಮುಗಿಸಿ ನಾನು ಅತ್ತಿಬೆಲೆಯ ತವರಿನಿಂದ ಬಂದ ದಿನದಿಂದಲೇ ಅವಳಲ್ಲಿ ಏನೋ ಬದಲಾಗಿತ್ತು. ಶಾಲೆ ತಪ್ಪುತ್ತದೆಂದು ಅವಳನ್ನು ಮಾದನಾಯಕನಹಳ್ಳಿಯಲ್ಲೇ, ಅತ್ತೆಯ ಬಳಿ ಬಿಟ್ಟು ಹೋಗಿದ್ದೆ. ತಿರುಗಿ ಬಂದಾಗ ಓಡಿ ಬಂದು ಅಪ್ಪಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು ಬಾಗಿಲ ಹತ್ತಿರ ನಿಂತು ನನ್ನ ಪಾದಗಳನ್ನು ನೋಡಿದಳು. ಆಮೇಲೂ ನಾನು ಮಲಗಿದ್ದಾಗ ಬಂದು, ಕಾಲ ಕಡೆಯ ಹೊದಿಕೆ ಸರಿಸಿ ನೋಡಿ, ಸುಮ್ಮನೆ ಹೋಗುತ್ತಿದ್ದಳು. ತಮ್ಮ ಬಂದ ಹೊಟ್ಟೆಕಿಚ್ಚು ಎಂದು ಎಲ್ಲರೂ ಹೇಳಿದರು. ನಾನೂ ನಂಬಿದೆ.

ಅತ್ತೆಗೆ ಬೇರೆಯೇ ಭಯ. "ಇದು ನಮ್ ಮಗೀನ ಮಾತಲ್ಲ ಕಣವ್ವ. ಯಾವ್ದೋ ಬಾಸೆ ಆಡ್ತೈತೆ. ಯಾರೋ ಇಂಗೆ ಆಡುಸ್ತಾವ್ರೆ," ಅಂದರು. ದೇವಸ್ಥಾನಕ್ಕೆ ಕರೆದೊಯ್ದು ಕೈಗೆ ಕರಿದಾರ ಕಟ್ಟಿಸಿದರು. ಮಗಳು ಗೊಂಬೆಗಳಿಗೂ ದಾರ ಕಟ್ಟಿ, ಸಾಲಾಗಿ ಮಲಗಿಸಿ, ಮುಖ ಮುಚ್ಚಿದಳು. ಮಕ್ಕಳ ಮನೋವೈದ್ಯರಿಗೆ ತೋರಿಸಿ ಎಂದು ಶಾಲೆಯ ದೊಡ್ಡ ಮಿಸ್ಸು ಆಗಲೇ ಎರಡು ಬಾರಿ ಹೇಳಿದ್ದರು. ನನ್ನ ಗಂಡನಿಗೆ ಪೀಣ್ಯದಲ್ಲಿ ಸಣ್ಣದೊಂದು ಲೇತ್ ಶೆಡ್. ಊರಲ್ಲಿ ಎಲ್ಲರೂ ನೆಂಟರೇ. "ಹುಚ್ಚಾಸ್ಪತ್ರೆಗೆ ಹೋದ್ರು ಅಂತ ಒಂದ್ಸಲ ಬಾಯಿಗೆ ಬಿದ್ರೆ ಆಯ್ತು, ನಾಳೆ ಅವಳ ಗತಿ ಏನು?" ಎಂದು ತಳ್ಳಿಹಾಕುತ್ತಿದ್ದರು. ಕೂಸಿನ ತುಟಿ ಕಪ್ಪಿಟ್ಟ ಸಂಜೆ ಅವರೇ ಕೇಳಿದರು, "ಆ ಡಾಕ್ಟ್ರು ಎಲ್ಲಿ ಸಿಗ್ತಾರಂತೆ?"

ನಾಗಸಂದ್ರದಿಂದ ಮೆಟ್ರೋ ಹತ್ತಿ ಹೋದೆವು. ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ನಾನು ಒಂದೇ ಉಸಿರಿಗೆ ದೂರುಗಳನ್ನೆಲ್ಲ ಹೇಳುವಾಗ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ, "ಪಾಪುನ ಇವಳ ಜೊತೆ ಒಂದು ನಿಮಿಷಾನೂ ಒಂಟಿಯಾಗಿ ಬಿಡಬೇಡಿ. ಹೊಡೀಬೇಡಿ. ವಾರ ವಾರ ಕರ್ಕೊಂಡು ಬನ್ನಿ," ಅಂದರು.

"ಏನಾಗಿದೆ ಮೇಡಂ ಅವಳಿಗೆ?"

"ಗೊತ್ತಿಲ್ಲ. ಅವಳೇ ಹೇಳ್ತಾಳೆ, ಕಾಯೋಣ."

ಮೊದಮೊದಲು ಅವಳು ಏನೂ ಹೇಳಲಿಲ್ಲ. ಆಟಿಕೆ ತುಂಬಿದ ಕೋಣೆಯಲ್ಲಿ ಗೋಡೆಗೆ ಒರಗಿ ಕೂತುಬಿಡುತ್ತಿದ್ದಳು. ಡಾಕ್ಟರು ನೆಲದ ಮೇಲೆ ಕೂತು ತಮ್ಮಷ್ಟಕ್ಕೆ ತಾವು ಆಡುತ್ತಿದ್ದರು. ಒಂದು ದಿನ ನನ್ನನ್ನು ಪಕ್ಕದ ಕೋಣೆಯ ಗಾಜಿನ ಹಿಂದೆ ಕೂರಿಸಿದರು. ನನಗೆ ಅವಳು ಕಾಣುತ್ತಿದ್ದಳು, ಅವಳಿಗೆ ನಾನು ಕಾಣುತ್ತಿರಲಿಲ್ಲ. ಆದರೂ ಅವಳು ಒಮ್ಮೆ ತಲೆಯೆತ್ತಿ ನೇರವಾಗಿ ನಾನಿದ್ದ ಕಡೆಗೆ ನೋಡಿದಾಗ ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ.

ಆ ದಿನ ಅವಳು ಆಟದ ಲಾರಿಯನ್ನು ಹಿಂದಕ್ಕೆ ಸರಿಸಿ ತಂದಳು. ಬಾಯಲ್ಲಿ ಪೀಂ ಪೀಂ ಎಂಬ ಸದ್ದು. ಮರದ ತುಂಡುಗಳನ್ನು ಒಂದರ ಮೇಲೊಂದು ಎತ್ತರಕ್ಕೆ ಪೇರಿಸಿ, ಅದರ ಬುಡಕ್ಕೆ ಗಂಡುಗೊಂಬೆಯೊಂದನ್ನು ನಿಲ್ಲಿಸಿ, ಬೆರಳಲ್ಲಿ ರಾಶಿಯನ್ನು ದೂಡಿದಳು. ತುಂಡುಗಳು ಬಿದ್ದವು. ನೀಲಿ ಬಟ್ಟೆ ಹುಡುಕಿ ತಂದು ಹೊದಿಸಿ, ಒಂದು ಕಾಲನ್ನು ಹೊರಗೆ ಎಳೆದಿಟ್ಟಳು. ಆಮೇಲೆ ದನಿ ದಪ್ಪ ಮಾಡಿಕೊಂಡು ಕೂಗಿದಳು, "ಪೇರ್ ಹಿಲ್ರಾಹೈ! ಹಿಲ್ರಾಹೈ!"

ಅಷ್ಟು ದಿನ ತೊದಲಿನಂತೆ ಕೇಳಿದ್ದು ಈಗ ಹಿಂದಿಯಾಗಿ ಕೇಳಿಸಿತು. ಕಾಲು ಅಲ್ಲಾಡ್ತಿದೆ.

ಡಾಕ್ಟರು ಹೊರಗೆ ಬಂದು ಕೇಳಿದರು, "ನಿಮ್ಮ ಮನೆ ಹತ್ರ ಯಾರ ಮೇಲಾದ್ರೂ ಏನಾದ್ರೂ ಬಿದ್ದಿತ್ತಾ?"

ಬಿದ್ದಿತ್ತು. ನಮ್ಮ ರಾಗಿ ಹೊಲದಲ್ಲಿ ಈಗ ಗೋಡೌನಿದೆ. ಟೈಲ್ಸ್ ವ್ಯಾಪಾರದವರಿಗೆ ಬಾಡಿಗೆಗೆ ಕೊಟ್ಟಿದ್ದೆವು. ಅಲ್ಲಿ ಹಮಾಲಿ ಕೆಲಸಕ್ಕೆ ಬಿಹಾರದ ಕಡೆಯ ಒಬ್ಬರಿದ್ದರು. ನಡುವಯಸ್ಸಿನವರು. ಪ್ಯಾಕಿಂಗಿನ ಗುಳ್ಳೆ ಕಾಗದ ತಂದು ಮಗಳ ಕೈಗೆ ಕೊಡುತ್ತಿದ್ದರು, ಅವಳು ಪಟಪಟ ಒಡೆಯುತ್ತಿದ್ದಳು. ನಾನು ತವರಿನಲ್ಲಿದ್ದಾಗ ಲಾರಿಯಿಂದ ಸರಕು ಇಳಿಸುವಾಗ ಟೈಲ್ಸ್ ಪೆಟ್ಟಿಗೆಗಳ ಸಾಲು ಕುಸಿದು ಅವರು ತೀರಿಕೊಂಡರೆಂದು, ಮೇಲೆ ನೀಲಿ ಟಾರ್ಪಾಲು ಹೊದಿಸಿದ್ದರೆಂದು ಗಂಡ ಫೋನಿನಲ್ಲಿ ಹೇಳಿದ್ದರು. ನಮ್ಮ ಹಿತ್ತಲ ಕಿಟಕಿ ಗೋಡೌನಿನ ಬಾಗಿಲಿಗೆ ಎದುರಾಗಿದೆ. ಆ ದಿನ ಅಲ್ಲಿ ಅವಳು ನಿಂತಿದ್ದುದನ್ನು ಯಾರೂ ಕಂಡಿರಲಿಲ್ಲ. ಮಾಮ ಎಲ್ಲಿ ಎಂದು ಕೇಳಿದಾಗ, ಎಲ್ಲ ಮನೆಗಳಲ್ಲಿ ಮಕ್ಕಳಿಗೆ ಹೇಳುವಂತೆ, "ಊರಿಗೆ ಹೋದ್ರು" ಎಂದು ಅವಳ ಅಪ್ಪ ಹೇಳಿದ್ದರು.

"ನಿಜ ಹೇಳಿ," ಅಂದರು ಡಾಕ್ಟರು. "ಸತ್ತರು ಅನ್ನೋ ಮಾತನ್ನೇ ಬಳಸಿ. ಅವಳು ಕೇಳಿದ್ದಕ್ಕೆಲ್ಲ ಉತ್ತರ ಕೊಡಿ."

ಭಾನುವಾರ ಬೆಳಗ್ಗೆ, ಜಗಲಿಯ ಬಿಸಿಲಲ್ಲಿ ಕೂತು ಹೇಳಿದೆವು. ಅವಳು ಚಕ್ಕಳಮಕ್ಕಳ ಹಾಕಿ ಕೇಳಿಸಿಕೊಂಡಳು.

"ಕಾಲು ಅಲ್ಲಾಡ್ತಿತ್ತಲ್ಲಪ್ಪ?"

"ಹೌದು ಮಗಳೇ. ಆಸ್ಪತ್ರೆಗೆ ಕರ್ಕೊಂಡು ಹೋಗೋ ಅಷ್ಟರಲ್ಲಿ ನಿಂತೋಯ್ತು."

ಅವಳು ನನ್ನ ಕಡೆ ತಿರುಗಿದಳು. "ನೀನೂ ಊರಿಗೆ ಹೋಗಿದ್ದೆ ಅಂತ ಅಜ್ಜಿ ಹೇಳಿತ್ತು. ನಿನ್ನ ಮೇಲೆ ಏನು ಬಿದ್ದಿತ್ತು?"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಎದ್ದು ಹೋದರು. ಅಷ್ಟು ತಿಂಗಳೂ ಈ ಮಗು ನನ್ನನ್ನು ಯಾರೆಂದು ತಿಳಿದು ನನ್ನ ಕೈಯಿಂದ ಅನ್ನ ತಿಂದಿತ್ತೋ! ಅವಳನ್ನು ತೊಡೆಯ ಮೇಲೆ ಎಳೆದುಕೊಂಡು, ಏನೂ ಬಿದ್ದಿರಲಿಲ್ಲ, ಅತ್ತಿಬೆಲೆ ಅಜ್ಜಿಯ ಮನೆಯಲ್ಲಿದ್ದೆ, ನಿನ್ನನ್ನೇ ನೆನೆಸಿಕೊಳ್ಳುತ್ತಿದ್ದೆ ಎಂದು ಹೇಳಿದೆ. ಅವಳು ನನ್ನ ಕಾಲ್ಬೆರಳುಗಳನ್ನು ಒಂದೊಂದಾಗಿ ಹಿಡಿದು ಅಲ್ಲಾಡಿಸಿದಳು.

ಆಟ ಒಂದೇ ದಿನಕ್ಕೆ ನಿಲ್ಲಲಿಲ್ಲ. ಆಮೇಲೂ ಕಚ್ಚಿದ್ದುಂಟು, ಆಮೇಲೂ ದಿಂಬುಗಳನ್ನು ಪೇರಿಸಿ ಬರೀ ನೋಡುತ್ತ ಕೂತದ್ದುಂಟು. ವರ್ಷಕ್ಕೂ ಮೇಲೆ ವಾರವಾರ ಮೆಟ್ರೋದಲ್ಲಿ ಹೋಗಿಬಂದೆವು. ನನಗೆ ಆಗದಿದ್ದಾಗ ಅತ್ತೆಯೇ ಕರೆದೊಯ್ದರು. ಈಗ ಡಾಕ್ಟರು ಅಪರೂಪಕ್ಕೆ ಬಂದರೆ ಸಾಕು ಅಂದಿದ್ದಾರೆ. ತಮ್ಮನಿಗೆ ಅವಳೇ ಚಪ್ಪಲಿ ಹಾಕುತ್ತಾಳೆ. ನಾನು ಇವತ್ತಿಗೂ ಬಾಗಿಲನ್ನು ಪೂರ್ತಿ ಮುಚ್ಚುವುದಿಲ್ಲ.

ಹೋದ ಬೇಸಿಗೆಯಲ್ಲಿ ಟೈಲ್ಸಿನವರು ಗೋಡೌನ್ ಖಾಲಿ ಮಾಡಿದರು. ನೋಡಬೇಕು ಎಂದು ಅವಳೇ ಹಟ ಹಿಡಿದಳು. ಗಂಡ ಷಟರ್ ಎತ್ತಿದರು. ಒಳಗೆ ಬರಿಯ ಸಿಮೆಂಟ್ ನೆಲ, ಗುರುತು ಅಂತ ಏನೂ ಇಲ್ಲ. ಅವಳು ತಡೆಯಿಲ್ಲದೆ ನಡೆದು ಒಂದು ಕಡೆ ನಿಂತಳು. "ಇಲ್ಲಿ ಅಲ್ಲ," ಎಂದು ತುಸು ಎಡಕ್ಕೆ ಸರಿದು, ಅಲ್ಲಿ ನೆಲಕ್ಕೆ ಕೈ ಮುಟ್ಟಿಸಿದಳು. ಗಂಡ ಮುಖ ತಿರುಗಿಸಿಕೊಂಡರು. ಆ ಜಾಗ ಅದೇ ಎಂದು ಅವರಿಗೆ ಗೊತ್ತಿತ್ತು.

ಆಮೇಲೆ ಅವಳು ತಲೆಯೆತ್ತಿ ತಗಡಿನ ಸೂರಿನ ಕಡೆ "ಓಯ್" ಎಂದು ಕೂಗಿದಳು. ದನಿ ದೊಡ್ಡದಾಗಿ ವಾಪಸ್ಸು ಬಂತು. ಅವಳು ನಕ್ಕು, ಇನ್ನೊಮ್ಮೆ ಕೂಗಿದಳು.